ನೂರಾ ಎಂಬತ್ತಾರು ಸೊನ್ನೆ

ಮೀಟರಣ್ಣನಿಗೆ ಹಾವೆಂದರೆ ಭಯ ಎಂದಷ್ಟೇ ಹೇಳಿದರೆ ಅವನ ಭಯಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಅಂಗಳದಲ್ಲಿ ಬಿದ್ದಿರುವ ರಬ್ಬರ್ ಪೈಪನ್ನು ದಾಟುವ ಮೊದಲು ಅವನು ಒಂದು ಸಲ ಕೆಮ್ಮುತ್ತಿದ್ದ, ಸರಿದುಹೋಗಲು ಅದಕ್ಕೂ ಒಂದು ಅವಕಾಶ ಇರಲಿ ಎಂದು. ಬಟ್ಟೆ ಒಣಗಿಸುವ ಹಗ್ಗವನ್ನು ಹೆಂಡತಿ ಸುರುಳಿ ಸುತ್ತಿ ಬಚ್ಚಲಲ್ಲಿಟ್ಟ ದಿನ ಸ್ನಾನವನ್ನೇ ಕೈಬಿಟ್ಟಿದ್ದ. ಅಂಥವನು ಎರಡು ವರ್ಷ ತನ್ನ ಬೀದಿಯ ಉರಗತಜ್ಞನಾಗಿದ್ದ ಎಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಹಾಗೆಯೇ.

ನೀರು ಸರಬರಾಜು ಕಚೇರಿಯಲ್ಲಿ ಅವನದು ಮೀಟರ್ ಓದುವ ಕೆಲಸ. ಇಪ್ಪತ್ತಾರು ವರ್ಷದಿಂದ ಮನೆಮನೆಯ ಗೇಟಿನ ಪಕ್ಕದ ಗುಂಡಿಯ ಮುಚ್ಚಳವನ್ನು ಕಬ್ಬಿಣದ ಕೊಕ್ಕೆಯಿಂದ ಎತ್ತಿ, ಗಾಜು ಒರೆಸಿ, ಟಾರ್ಚು ಬಿಟ್ಟು, ಅಂಕಿ ಬರೆದುಕೊಳ್ಳುತ್ತಿದ್ದ. ಅವನ ಪುಸ್ತಕದಲ್ಲಿ ಒಂದು ಸಾಲೂ ಖಾಲಿ ಇರುತ್ತಿರಲಿಲ್ಲ. ಮನೆಗೆ ಬೀಗ ಹಾಕಿದ್ದರೆ ‘ಬೀಗ’, ಗೇಟಿನೊಳಗೆ ನಾಯಿ ಇದ್ದರೆ ‘ನಾಯಿ’, ಒಂದು ಹನಿ ನೀರೂ ಬಳಸಿರದಿದ್ದರೆ ಗುಂಡಗೆ ಒಂದು ಸೊನ್ನೆ. ಹೋಗದೇ ಇರುವುದು ಬೇರೆ, ಹೋಗಿ ನೋಡಿ ಏನೂ ಇಲ್ಲದಿರುವುದು ಬೇರೆ. ಈ ಒಂದು ವಿಷಯದಲ್ಲಿ ಮಾತ್ರ ಅವನಿಗೆ ಗೊಂದಲವಿರಲಿಲ್ಲ. ಉಳಿದ ಎಲ್ಲ ವಿಷಯಗಳಲ್ಲೂ ಧಾರಾಳವಾಗಿತ್ತು.

ಎಲ್ಲಕ್ಕೂ ಮೂಲ ಅವನ ಷಡ್ಡಕ. ಹೆಂಡತಿಯ ಅಕ್ಕನ ಗಂಡ. ಹೆಂಡತಿ ಕರೆದಂತೆ ಇವನೂ ‘ಭಾವ’ ಎಂದೇ ಕರೆಯುತ್ತಿದ್ದ. ವಿಮಾ ಕಂಪನಿಯಲ್ಲಿ ದೊಡ್ಡ ಕುರ್ಚಿ. ಬಂದಾಗಲೆಲ್ಲ ಹೊಸದೊಂದು ಹೆಚ್ಚುಗಾರಿಕೆಯನ್ನು ಜೇಬಿನಲ್ಲಿಟ್ಟುಕೊಂಡೇ ಬರುವ ಮನುಷ್ಯ. ಒಂದು ಭಾನುವಾರ ಊಟಕ್ಕೆ ಕೂತಾಗ ಅವನು ಈಜುಕೊಳದ ಕ್ಲಬ್ಬಿಗೆ ಸದಸ್ಯನಾದ ಕಥೆಯನ್ನು ಅನ್ನದಿಂದ ಮಜ್ಜಿಗೆಯವರೆಗೂ ಎಳೆದು, ಕೊನೆಗೆ, “ನೀನೂ ಏನಾದ್ರೂ ಹವ್ಯಾಸ ಇಟ್ಕೋಬೇಕಯ್ಯಾ. ಎಷ್ಟು ದಿನ ಅಂತ ಗುಂಡಿ ನೋಡ್ಕೊಂಡಿರ್ತೀಯಾ?” ಎಂದ.

ಮೀಟರಣ್ಣನ ನಾಲಿಗೆ ಜಾರಿತು. “ನಾನೂ ಸೇರಿದೀನಿ ಭಾವ. ಹಾವಿನ ಮಂಡಳಿ.”

ಅವನು ಮಾಡಿದ್ದಿಷ್ಟೇ: ಹಿಂದಿನ ದಿನ ಗ್ರಂಥಾಲಯದ ಮೀಟರ್ ಓದುವಾಗ ಗೋಡೆಗೆ ಅಂಟಿಸಿದ್ದ ಒಂದು ಚೀಟಿಯನ್ನೂ ಓದಿದ್ದ. ಕಾಡಿನ ಒಂದು ಪುಟ್ಟ ಹಾವು ಎಲ್ಲೆಲ್ಲಿ ಕಾಣುತ್ತದೆ ಎಂದು ಬರೆದು ನಕ್ಷೆ ಮಾಡಲು ಜನ ಬೇಕಾಗಿದ್ದಾರೆ ಎಂದಿತ್ತು. ಷಡ್ಡಕನ ಕೈಯಲ್ಲಿದ್ದ ತುತ್ತು ಅರ್ಧ ದಾರಿಯಲ್ಲೇ ನಿಂತಿತು. ಬಡಿಸುತ್ತಿದ್ದ ಹೆಂಡತಿ ಸೌಟು ಹಿಡಿದು ಗಂಡನನ್ನೇ ನೋಡಿದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಿಂತ ಮಂಡಳಿ ಸೇರುವುದೇ ಸುಲಭ ಎಂದು ಮರುದಿನ ಹೋಗಿ ಸೇರಿಬಿಟ್ಟ.

ಮಂಡಳಿ ನಡೆಸುತ್ತಿದ್ದವರು ಕಾಲೇಜಿನ ಜೀವಶಾಸ್ತ್ರದ ಮೇಡಂ. ಮಾತು ಕಡಿಮೆ. ಅವರು ತೋರಿಸಿದ ಚಿತ್ರದಲ್ಲಿ ಆ ಪುಟ್ಟ ಹಾವು, ಅಂದರೆ ತರಗೆಲೆ ಹಾವು, ಪೆನ್ಸಿಲಿನಷ್ಟು ದಪ್ಪ, ಒಂದು ಗೇಣು ಉದ್ದ, ಒಣಗಿದ ಎಲೆಯದೇ ಬಣ್ಣ, ಕತ್ತಿನ ಸುತ್ತ ಹಳದಿ ದಾರ ಕಟ್ಟಿದಂತೆ ಒಂದು ಗೆರೆ. ವಿಷವಿಲ್ಲ. ಬಿದ್ದ ಮರದ ದಿಮ್ಮಿಯಡಿ, ತರಗೆಲೆಯಡಿ ಇದ್ದುಕೊಂಡು ಹುಳುಹುಪ್ಪಟೆ ತಿಂದುಕೊಂಡು, ತಾನಾಯಿತು ತನ್ನ ಪಾಡಾಯಿತು ಎಂದಿರುವ ಪ್ರಾಣಿ. ಮೇಡಂ ಒಂದು ನಕ್ಷೆಯನ್ನೂ ಒಂದು ಕಟ್ಟು ಕಾರ್ಡನ್ನೂ ಕೊಟ್ಟರು. ಅವನ ಬೀದಿಯ ಹಿಂದಿನ ಸಣ್ಣ ಕಾಡು ಅವನ ಪಾಲಿಗೆ ಬಂತು.

“ದಿಮ್ಮಿ ಎತ್ತಿ ನೋಡಿ, ಹೇಗಿತ್ತೋ ಹಾಗೇ ಇಡಿ. ಕಂಡ್ರೆ ಕಾರ್ಡು ಬರೆದು ಹಾಕಿ, ನಕ್ಷೆಯಲ್ಲಿ ಒಂದು ಚುಕ್ಕೆ ಇಡಿ,” ಎಂದರು ಮೇಡಂ.

ಕಾಣದಿದ್ದರೆ ಏನು ಮಾಡಬೇಕು ಎಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಇಪ್ಪತ್ತಾರು ವರ್ಷ ಸಾಲು ಖಾಲಿ ಬಿಡದವನಿಗೆ ಅದನ್ನೂ ಕೇಳಬೇಕೆ?

ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಮೀಟರಣ್ಣ ಕೊಕ್ಕೆ ಹಿಡಿದು ಕಾಡಿಗೆ ಹೋಗುತ್ತಿದ್ದ. ದಿಮ್ಮಿಯ ಮುಂದೆ ನಿಂತು ಕೆಮ್ಮುತ್ತಿದ್ದ. ಮೂರು ಸಲ ಕುಟ್ಟುತ್ತಿದ್ದ. ಕಣ್ಣು ಮುಚ್ಚಿ ದಿಮ್ಮಿ ಎತ್ತಿ, ಆಮೇಲೆ ಒಂದೊಂದೇ ಕಣ್ಣು ತೆರೆಯುತ್ತಿದ್ದ. ಇಷ್ಟೆಲ್ಲ ಮುನ್ಸೂಚನೆ ಕೊಟ್ಟ ಮೇಲೂ ಕೂತಿರಲು ಯಾವ ಹಾವಿಗೆ ಬುದ್ಧಿ ಕೆಟ್ಟಿದೆ? ಆದರೂ ಅವನು ದಿನಾಂಕ, ಜಾಗ, ಯಾವ ಮರದ ದಿಮ್ಮಿ, ನೆಲ ಒದ್ದೆಯೋ ಒಣವೋ ಎಲ್ಲ ಬರೆದು, ಸಂಖ್ಯೆಯ ಜಾಗದಲ್ಲಿ ಸೊನ್ನೆ ಹಾಕಿ, ನಕ್ಷೆಯ ಮೇಲೂ ಆ ಜಾಗದಲ್ಲಿ ಕೆಂಪು ಪೆನ್ನಿನಲ್ಲಿ ಗುಂಡಗೆ ಒಂದು ಸೊನ್ನೆ ಸುತ್ತುತ್ತಿದ್ದ. ಭಾನುವಾರಕ್ಕೆ ಎರಡು ದಿಮ್ಮಿ. ತೊಂಬತ್ತಮೂರು ಭಾನುವಾರ. ಒಂದೂ ಹಾವಿಲ್ಲ.

ಅಂಜುಬುರುಕ ಎಂದು ಅವನನ್ನು ನೋಡಿ ನಗುವುದು ಸುಲಭ. ಭಯವಿಲ್ಲದವನು ಕಾಡಿಗೆ ಹೋದರೆ ಅದು ವಾಯುವಿಹಾರ. ಇವನು ಹೋದದ್ದು ಮೊಣಕಾಲು ನಡುಗಿಸಿಕೊಂಡು, ಮತ್ತೆ ಮುಂದಿನ ವಾರವೂ ನಡುಗಿಸಿಕೊಂಡು. ಎಂಟು ಜನ ಸದಸ್ಯರಲ್ಲಿ ಆರು ಜನ ಮೊದಲ ತಿಂಗಳಲ್ಲೇ ಬೇಸತ್ತು ಕೈಬಿಟ್ಟರು. ಹಾವಿಗೆ ಹೆದರುತ್ತಿದ್ದವನು ಬಿಡಲಿಲ್ಲ. ಎರಡನೆಯ ವರ್ಷದ ಹೊತ್ತಿಗೆ ತಾನು ಒಮ್ಮೆಯೂ ಕಾಣದ ಆ ಪುಟ್ಟ ಪ್ರಾಣಿಯ ಮೇಲೆ ಅವನಿಗೆ ಅಕ್ಕರೆಯೇ ಹುಟ್ಟಿಬಿಟ್ಟಿತ್ತು. ಜೋರು ಮಳೆ ಬಂದರೆ, ಪಾಪ ಅದು ಎಲ್ಲಿದೆಯೋ ಎಂದು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದ.

ಬೀದಿಯವರು ಮಾತ್ರ ಬೇರೆಯದೇ ತಿಳಿದುಕೊಂಡಿದ್ದರು. “ಇವತ್ತೆಷ್ಟಣ್ಣಾ?” ಎಂದು ಮೂಲೆಮನೆಯ ಟೈಲರ್ ಕೇಳಿದರೆ ಮೀಟರಣ್ಣ, “ಬರೆದು ಕಳಿಸಿದೀನಪ್ಪಾ,” ಎನ್ನುತ್ತಿದ್ದ. ಸುಳ್ಳು ಹೇಳಲಿಲ್ಲ, ಪೂರ್ತಿ ನಿಜವನ್ನೂ ಹೇಳಲಿಲ್ಲ. ಟೈಲರ್ ಅಷ್ಟಕ್ಕೇ ಬೆರಗಾಗಿ ಒಂದು ಗುಂಡಿ ತಪ್ಪಾಗಿ ಹೊಲಿದ.

ನಕ್ಷೆ ಮುಂದಿನ ಕೋಣೆಯ ಗೋಡೆಯ ಮೇಲೆ ತೂಗುತ್ತಿತ್ತು. ಒಂದು ದಿನ ಬಂದ ಷಡ್ಡಕ ಅದನ್ನು ಕಂಡು ಚಪ್ಪಲಿ ಬಿಡುವುದನ್ನೇ ಮರೆತು ನಿಂತ. ಕಾಡಿನ ತುಂಬ ಕೆಂಪು ಸುತ್ತುಗಳು. ಸೊನ್ನೆ ಎಂದರೆ ಸೊನ್ನೆ ಎಂದು ಲೋಕಕ್ಕೆಲ್ಲ ಗೊತ್ತಿರುತ್ತದೆ ಎಂದುಕೊಂಡು ಮೀಟರಣ್ಣ ಕೆಳಗೆ ಏನೂ ವಿವರಣೆ ಬರೆದಿರಲಿಲ್ಲ. ಆದರೆ ನೀರಿನ ಕಚೇರಿಯ ಹೊರಗಿನ ಲೋಕದಲ್ಲಿ ನಕ್ಷೆಯ ಮೇಲೆ ಕೆಂಪು ಸುತ್ತು ಹಾಕುವುದು ಅಲ್ಲಿ ಏನೋ ಇದ್ದಾಗ.

“ಇಷ್ಟೂ ನೀನು ಕಂಡುಹಿಡಿದದ್ದಾ?” ಎಂದ ಷಡ್ಡಕ.

“ಇಷ್ಟೂ ನಾನು ನೋಡಿದ್ದು ಭಾವ.”

ಷಡ್ಡಕ ಬೆರಳಿಟ್ಟು ಎಣಿಸಿದ. ನೂರಾ ಎಂಬತ್ತಾರು. ತಿರುಗಿ ಮೀಟರಣ್ಣನ ಕಡೆ ನೋಡಿದಾಗ ಆ ಮುಖದಲ್ಲಿದ್ದದ್ದು ಗೌರವ! ಇಪ್ಪತ್ತು ವರ್ಷದ ನೆಂಟಸ್ತನದಲ್ಲಿ ಮೊದಲ ಸಲ. ಆ ಕ್ಷಣದಲ್ಲಿ ಮೀಟರಣ್ಣ ಬಾಯಿ ತೆರೆದು, “ಅವು ಹಾವಲ್ಲ, ಹಾವಿಲ್ಲದ ಜಾಗ,” ಎನ್ನಬೇಕಿತ್ತು. ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಷಡ್ಡಕ ಅವನ ಕೈ ಹಿಡಿದು ಕುಲುಕಿದ. ಹಾಗೆ ಕುಲುಕುತ್ತಿರುವ ಕೈಯನ್ನು ಯಾರು ತಾನೆ ಬಿಡಿಸಿಕೊಳ್ಳುತ್ತಾರೆ? ಮೀಟರಣ್ಣ ಕಾಫಿ ತರಲು ಒಳಗೆ ಹೋದ. ಷಡ್ಡಕ ನಕ್ಷೆಯ ಫೋಟೋ ತೆಗೆದ.

ಫೋಟೋ ನೆಂಟರ ಫೋನುಗಳಿಗೆ ಹೋಯಿತು, ಅಲ್ಲಿಂದ ಬೀದಿಯವರ ಫೋನುಗಳಿಗೆ ಬಂತು. ಮಧ್ಯಾಹ್ನ ನೂರಾ ಎಂಬತ್ತಾರು ಹಾವುಗಳಿದ್ದದ್ದು ಸಂಜೆಗೆ ನೂರಾ ಎಂಬತ್ತಾರು ಗೂಡುಗಳಾದವು. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಗಣಿತದವರು, ಗೇಟಿನ ಬಳಿ ಸೇರಿದ ಜನಕ್ಕೆ ಕೈಬೆರಳು ಎತ್ತಿ ತೋರಿಸುತ್ತ, “ಒಂದು ಗೂಡಿಗೆ ಕನಿಷ್ಠ ಹನ್ನೆರಡು ಮೊಟ್ಟೆ ಅಂತಿಟ್ಕೊಳ್ಳಿ. ಹನ್ನೆರಡು ನೂರಾ ಎಂಬತ್ತಾರಲಿ? ಎರಡು ಸಾವಿರದ ಇನ್ನೂರ ಮೂವತ್ತೆರಡು. ನಮ್ಮ ಬೀದಿ ಜನಸಂಖ್ಯೆ ಇನ್ನೂರು. ತಲೆಗೆ ಹನ್ನೊಂದು ಹಾವು. ಶೇಷ ಮೂವತ್ತೆರಡು!” ಎಂದರು.

“ಆ ಶೇಷ ಯಾರ ಪಾಲಿಗೆ ಸಾರ್?” ಎಂದ ಟೈಲರ್.

“ಕಾಡಿಗೆ ಹತ್ತಿರ ಇರೋದು ನಿಮ್ಮ ಮನೇನೇ ಅಲ್ವಾ?” ಎಂದರು ಹೆಡ್‌ಮಾಸ್ಟರು.

ಟೈಲರ್ ಅಂದೇ ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳನ್ನೆಲ್ಲ ಬಾಗಿಲ ಸಂದಿಗೆ ತುರುಕಿದ. ಹಾವು ಬರಲಿಲ್ಲ, ಗಿರಾಕಿಗಳೂ ಬರಲಾಗಲಿಲ್ಲ. ಹೆಡ್‌ಮಾಸ್ಟರು ಕುರ್ಚಿಯ ಮೇಲೆ ಕಾಲು ಮಡಿಸಿ ಕೂತೇ ಪೇಪರು ಓದತೊಡಗಿದರು. ಮೀಟರಣ್ಣನಿಗೆ ಮಾತ್ರ ಹೋದಲ್ಲೆಲ್ಲ ಮರ್ಯಾದೆ. ಮೀಟರ್ ಓದಲು ಹೋದರೆ ಕುರ್ಚಿ, ಬಿಸಿ ಕಾಫಿ, ಜೊತೆಗೆ ಒಂದು ಅರ್ಜಿ: “ಬಂದಿದ್ದೀರಲ್ಲಾ, ಈ ಬೂಟಿನೊಳಗೆ ಒಂಚೂರು ಕೈ ಹಾಕಿ ನೋಡ್ತೀರಾ?” ಅವನು ಬೂಟಿಗೂ ಒಮ್ಮೆ ಕೆಮ್ಮಿ ಕೈ ಹಾಕುತ್ತಿದ್ದ. ಹನ್ನೊಂದು ಬೂಟು, ಎರಡು ಹಾರ್ಮೋನಿಯಂ ಪೆಟ್ಟಿಗೆ, ಒಂದು ರುಬ್ಬುವ ಯಂತ್ರ. ಎಲ್ಲ ಸೊನ್ನೆ.

ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ಹತ್ತು ದಿನ ಕಳೆದವು. ಬೂಟು ನೋಡುವುದರಲ್ಲೇ ಭಾನುವಾರಗಳೂ ಹೋದವು, ಕಾಡಿಗೆ ಹೋಗಲಾಗಲಿಲ್ಲ. ಹನ್ನೊಂದನೆಯ ದಿನ ಬೀದಿಯ ಕಂಬಕ್ಕೆ ಆರೋಗ್ಯ ಇಲಾಖೆಯ ನೋಟೀಸು ಬಿತ್ತು. ಬರೆದ ಅರ್ಜಿ ಹೆಡ್‌ಮಾಸ್ಟರದು, ಸಹಿ ಬೀದಿಯ ಎಲ್ಲರದು. ಮುಂದಿನ ಶನಿವಾರ ಬೆಳಗ್ಗೆ ಹತ್ತಕ್ಕೆ, ‘ಸ್ಥಳೀಯ ಉರಗತಜ್ಞರ ನಕ್ಷೆಯ ಆಧಾರದ ಮೇಲೆ’, ಕಾಡಿನ ದಿಮ್ಮಿ, ತರಗೆಲೆ ಎಲ್ಲವನ್ನೂ ರಾಶಿ ಹಾಕಿ ಸುಟ್ಟು, ನೆಲಕ್ಕೆ ಔಷಧಿ ಹೊಡೆಯಲಾಗುವುದು. ತಜ್ಞರು ಸ್ಥಳದಲ್ಲಿದ್ದು ಸಹಕರಿಸತಕ್ಕದ್ದು.

ಮೀಟರಣ್ಣ ಕಂಬದ ಬಳಿಯಿಂದಲೇ ಮೇಡಂಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ.

“ದಿಮ್ಮಿ, ಎಲೆ ಹೋದ್ರೆ ಅದು ಹೋದ ಹಾಗೇನೇ. ಇಡೀ ನಕ್ಷೆಯಲ್ಲಿ ಇದುವರೆಗೆ ನಾಲ್ಕೇ ಕಡೆ ಸಿಕ್ಕಿರೋದು. ನಿಮ್ಮ ಕಾಡಲ್ಲಿ ಇರಬಹುದು ಅಂತ ನನಗೆ ಒಂದು ಆಸೆ,” ಎಂದರು ಮೇಡಂ.

“ನೀವೇ ಬಂದು ಅವರಿಗೆ ಹೇಳಿ ಮೇಡಂ. ನನ್ನ ಮಾತು ಯಾರು ಕೇಳ್ತಾರೆ?”

“ನಾನು ಬರ್ತೀನಿ. ಆದ್ರೆ ಆ ಕಾರ್ಡುಗಳು ನಿಮ್ಮವು. ಎಲ್ಲಿ ಇಲ್ಲ ಅಂತ ನನಗೆ ಬರೆದು ತಿಳಿಸಿದವರು ನೀವೊಬ್ಬರೇ. ಅದನ್ನ ನೀವೇ ಹೇಳ್ಬೇಕು.”

ಶನಿವಾರ ಬೀದಿಯೆಲ್ಲ ಕಾಡಿನಂಚಿನಲ್ಲಿ ನೆರೆದಿತ್ತು. ಲಾರಿ ಬಂತು, ಬೆನ್ನಿಗೆ ಔಷಧಿಯ ಡಬ್ಬಿ ಕಟ್ಟಿಕೊಂಡ ಆರು ಜನ ಇಳಿದರು. ಆರೋಗ್ಯಾಧಿಕಾರಿ ಕೈಯಲ್ಲಿ ಕಾಗದದ ಹಲಗೆ ಹಿಡಿದು ಮೀಟರಣ್ಣನನ್ನು ಹುಡುಕಿದರು. ಷಡ್ಡಕ ಕಪ್ಪು ಕನ್ನಡಕ ಹಾಕಿಕೊಂಡು, ತನ್ನ ಕಚೇರಿಯ ಇಬ್ಬರನ್ನು ಕರೆದುಕೊಂಡು ಬಂದಿದ್ದ. “ಇವನೇ ನೋಡಿ. ನಮ್ಮ ಮನೆಯವನೇ,” ಎಂದು ಮೀಟರಣ್ಣನ ಭುಜ ತಟ್ಟಿದ. ಮೇಡಂ ಒಂದು ಮರಕ್ಕೆ ಒರಗಿ ನಿಂತಿದ್ದರು.

“ಎಲ್ಲಿಂದ ಶುರು ಮಾಡೋಣ ತಜ್ಞರೇ?” ಎಂದರು ಅಧಿಕಾರಿ.

ಮೀಟರಣ್ಣ ಷಡ್ಡಕನ ಮುಖ ನೋಡಿದ. ಇನ್ನು ಜೀವಮಾನದಲ್ಲಿ ಆ ಮುಖದಲ್ಲಿ ಗೌರವ ಕಾಣುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟ.

“ಸಾರ್, ಅದು ಹಾವಲ್ಲ. ಸೊನ್ನೆ.”

“ಯಾವುದು?”

“ಎಲ್ಲಾನೂ ಸಾರ್. ನೂರಾ ಎಂಬತ್ತಾರೂ ಸೊನ್ನೆ. ನೋಡಿದೆ, ಇರಲಿಲ್ಲ, ಬರೆದೆ. ಈ ಎರಡು ವರ್ಷದಲ್ಲಿ ನಾನು ಒಂದೇ ಒಂದು ಹಾವು ಕಂಡಿಲ್ಲ.”

ಹೆಡ್‌ಮಾಸ್ಟರು ತುಟಿ ಅಲುಗಿಸುತ್ತ, “ಹನ್ನೆರಡು ಸೊನ್ನೆಲಿ...” ಎಂದು ಲೆಕ್ಕ ಹಾಕುತ್ತಿದ್ದರು. ಆಮೇಲೆ ಟೈಲರ್ ಕಿಸಕ್ಕೆಂದ. ಅಷ್ಟೇ ಬೇಕಿತ್ತು, ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಔಷಧಿಯವರೂ ನಕ್ಕರು. ಷಡ್ಡಕ ತನ್ನ ಕಚೇರಿಯವರಿಗೆ, “ನಮ್ಮ ಮನೆಯವನು ಅಂದ್ರೆ, ನನ್ನ ಹೆಂಡತಿ ಕಡೆಯವನು,” ಎಂದು ತಿದ್ದಿದ.

ಆಗ ಮೀಟರಣ್ಣನ ಹೆಂಡತಿ ಸೆರಗು ಸಿಕ್ಕಿಸಿ ಮುಂದೆ ಬಂದಳು.

“ನಗೋದೇನಿದೆ ಇದ್ರಲ್ಲಿ? ಆ ಕಾರ್ಡನ್ನೆಲ್ಲ ಅಂಚೆ ಡಬ್ಬಿಗೆ ಹಾಕಿದವಳು ನಾನು. ಒಂದೊಂದನ್ನೂ ಓದಿಯೇ ಹಾಕಿದ್ದು. ಹಗ್ಗ ಕಂಡ್ರೆ ಹಾರೋ ಮನುಷ್ಯ ಇವರು! ಇವತ್ತು ಇರುತ್ತೆ, ಇವತ್ತು ಇರುತ್ತೆ ಅಂತ ನಡುಗ್ತಾ ನಡುಗ್ತಾ ನೂರಾ ಎಂಬತ್ತಾರು ಸಲ ದಿಮ್ಮಿ ಎತ್ತಿದಾರೆ. ಇಲ್ದೇ ಇರೋದನ್ನ ಒಂದ್ಸಲನಾದ್ರೂ ಇದೆ ಅಂತ ಬರೆದ್ರಾ? ಬರೆದಿದ್ರೆ ಕೇಳೋರು ಯಾರಿದ್ರು? ನಿಮ್ಮಲ್ಲಿ ಯಾರಿಗಾಗುತ್ತೆ ಹೇಳಿ ನೋಡೋಣ. ನಿಮಗಾಗುತ್ತಾ ಭಾವ?”

ಷಡ್ಡಕ ಕಪ್ಪು ಕನ್ನಡಕ ತೆಗೆದು ಒರೆಸತೊಡಗಿದ. ನಗು ಒಂದೊಂದಾಗಿ ನಿಂತಿತು.

ಅಧಿಕಾರಿಗೆ ನಗುವಿಗಿಂತ ಕಾಗದದ ಚಿಂತೆ. “ಹಾವಿಲ್ಲ ಅಂದ್ಮೇಲೆ ಕೆಲಸಾನೂ ಇಲ್ಲ. ಆದ್ರೆ ಲಾರಿ ವಾಪಸ್ ಹೋಗ್ಬೇಕಾದ್ರೆ ನನಗೊಂದು ಸಹಿ ಬೇಕು. ‘ಸ್ಥಳ ಪರಿಶೀಲಿಸಲಾಗಿ, ಸದರಿ ಕಾಡಿನಲ್ಲಿ ಹಾವು ಇರುವುದಿಲ್ಲ.’ ಇಲ್ಲಿ ಹಾಕಿ. ಪರಿಶೀಲಿಸಲಾಗಿ ಅಂತ ಇದೆ, ಶಾಸ್ತ್ರಕ್ಕೆ ಒಂದು ದಿಮ್ಮಿ ಎತ್ತಿಬಿಡಿ.”

ಕಾಡು ಉಳಿಯಿತು! ಮೀಟರಣ್ಣ ಒಂದು ಕೈಯಲ್ಲಿ ಅಧಿಕಾರಿಯ ಪೆನ್ನು, ಇನ್ನೊಂದರಲ್ಲಿ ಕೊಕ್ಕೆ ಹಿಡಿದು, ಹತ್ತಿರದ ದಿಮ್ಮಿಯ ಬಳಿ ಬಗ್ಗಿದ. ಖುಷಿಯಲ್ಲಿ ಕೆಮ್ಮುವುದು ಮರೆತ. ಕುಟ್ಟುವುದು ಮರೆತ. ಕಣ್ಣು ಮುಚ್ಚುವುದನ್ನೂ ಮರೆತು ಎತ್ತಿದ.

ಇತ್ತು.

ಒದ್ದೆ ಎಲೆಯ ಮೇಲೆ ಒಣ ಎಲೆಯ ಬಣ್ಣದ ಒಂದು ಗೇಣಿನ ಜೀವ, ಕತ್ತಿಗೆ ಹಳದಿ ದಾರ. ಬೆಳಕು ಬಿದ್ದದ್ದಕ್ಕೆ ತಲೆ ಎತ್ತಿ, ಯಾರು ಎಂಬಂತೆ ಅವನನ್ನೇ ನೋಡಿತು. ಬಗ್ಗಿದ್ದವನು ಅವನೊಬ್ಬನೇ, ಕಂಡದ್ದೂ ಅವನೊಬ್ಬನಿಗೇ. ದಿಮ್ಮಿ ಇಳಿಸಿ ಸಹಿ ಹಾಕಿದರೆ ಹಾವೂ ಉಳಿಯಿತು, ಕಾಡೂ ಉಳಿಯಿತು, ಲಾರಿಯೂ ಹೊರಟಿತು. ಇದೆ ಎಂದರೆ ಔಷಧಿಯ ಡಬ್ಬಿಗಳು ಇಲ್ಲೇ ಇವೆ. ಮೀಟರಣ್ಣ ಪೆನ್ನಿನ ಕಡೆ ನೋಡಿದ, ಹಾವಿನ ಕಡೆ ನೋಡಿದ.

“ಹಾಕಿ ಸ್ವಾಮಿ, ಹೊತ್ತಾಯ್ತು,” ಎಂದರು ಅಧಿಕಾರಿ.

“ಆಗಲ್ಲ ಸಾರ್,” ಎಂದ ಮೀಟರಣ್ಣ. “ಇದೆ. ಒಂದು ಇದೆ.”

ಬೀದಿಯೆಲ್ಲ ಒಂದು ಹೆಜ್ಜೆ ಹಿಂದೆ ಸರಿಯಿತು. ಅಧಿಕಾರಿ ಎರಡು ಹೆಜ್ಜೆ.

“ಈಗ ತಾನೇ ಇಲ್ಲ ಅಂದ್ರಲ್ರೀ!”

“ಆಗ ಇರಲಿಲ್ಲ, ಅದಕ್ಕೆ ಇಲ್ಲ ಅಂದೆ. ಇಲ್ಲ ಅಂತ ನೂರಾ ಎಂಬತ್ತಾರು ಸಲ ಬರೆದಿದೀನಿ, ಒಂದೂ ಸುಳ್ಳಲ್ಲ. ಇದೊಂದು ಸುಳ್ಳು ಬರೆದ್ರೆ ಅವೂ ಎಲ್ಲ ಸುಳ್ಳಾಗುತ್ತೆ ಸಾರ್. ನನ್ನ ಕೈಲಾಗಲ್ಲ. ಆದ್ರೆ ಒಂದ್ನಿಮಿಷ, ದಯವಿಟ್ಟು ಒಂದ್ನಿಮಿಷ ಎಲ್ಲರೂ ಇದನ್ನ ನೋಡಿ. ಆಮೇಲೆ ಏನು ಬೇಕಾದ್ರೂ ಮಾಡಿ.”

ಹೇಳಿದವನೇ ದಿಮ್ಮಿಯನ್ನು ಪಕ್ಕಕ್ಕೆ ಉರುಳಿಸಿ, ಕೊಕ್ಕೆ ಕೆಳಗಿಟ್ಟು ಕೈ ಚಾಚಿದ. ಆ ಕೈ ಎಷ್ಟು ನಡುಗುತ್ತಿತ್ತೆಂದರೆ ಹತ್ತಲೋ ಬೇಡವೋ ಎಂದು ಹಾವೇ ಸ್ವಲ್ಪ ಹೊತ್ತು ಅನುಮಾನಿಸಿತು. ಆಮೇಲೆ ಹತ್ತಿತು. ಅಂಗೈ ಮೇಲೆ ಒಂದು ಸುತ್ತು ಸುತ್ತಿ, ಹೆಬ್ಬೆರಳಿನ ಬುಡದಲ್ಲಿ ತಲೆ ಇಟ್ಟು ಮಲಗಿಬಿಟ್ಟಿತು. ಅದು ತಣ್ಣಗಿತ್ತು, ಹಗುರವಾಗಿತ್ತು. ಮೇಡಂ ಮರ ಬಿಟ್ಟು ನಾಲ್ಕು ಹೆಜ್ಜೆ ಬಂದವರು ಅಲ್ಲೇ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಮೊದಲು ಹತ್ತಿರ ಬಂದವರು ಹೆಡ್‌ಮಾಸ್ಟರು. ಕನ್ನಡಕ ಮೂಗಿನ ತುದಿಗೆ ಇಳಿಸಿ, “ಇದಾ?” ಎಂದರು. ಆಮೇಲೆ ಟೈಲರ್, “ನನ್ನ ಶೂ ಲೇಸೇ ಇದಕ್ಕಿಂತ ದಪ್ಪ ಇದೆಯಲ್ಲಣ್ಣಾ,” ಎಂದ. ಹಿಂದೆ ಸರಿದಿದ್ದ ಬೀದಿ ಮುಂದೆ ಬಂತು, ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕಿದರು. “ಪಾಪ, ಮಲಗಿದೆ ನೋಡಿ,” ಎಂದಿತು ಒಂದು ಹೆಣ್ಣುದನಿ. “ಉಸಿರು ಜೋರಾಗಿ ಬಿಡಬೇಡ್ರಪ್ಪಾ, ಎದ್ದುಬಿಡುತ್ತೆ,” ಎಂದು ಷಡ್ಡಕನೇ ಎಲ್ಲರನ್ನೂ ಗದರಿದ.

ಅಧಿಕಾರಿ ಮೀಟರಣ್ಣನ ಇನ್ನೊಂದು ಕೈಯಿಂದ ತಮ್ಮ ಪೆನ್ನು ತೆಗೆದುಕೊಂಡು ಹಲಗೆಯ ಕಾಗದ ಮಗುಚಿದರು. “ಇದೆ ಅಂದ್ಮೇಲೆ ಇನ್ನೊಂದು ಫಾರಂ. ಉದ್ದ ಎಷ್ಟು?”

ಟೈಲರ್ ಕತ್ತಿನಲ್ಲಿದ್ದ ಟೇಪು ತೆಗೆದು ಗಾಳಿಯಲ್ಲೇ ಹಿಡಿದು ಅಳೆದ. “ಒಂಬತ್ತೂವರೆ ಇಂಚು ಸಾರ್.”

“ನಮ್ಮಲ್ಲಿ ಇಂಚಿಲ್ಲ. ಅಡಿ ಹೇಳಿ.”

“ಒಂದಡಿ ಆಗಲ್ಲ ಸಾರ್.”

“ಹಾಗಾದ್ರೆ ಸೊನ್ನೆ ಅಡಿ,” ಎಂದು ಬರೆದುಕೊಂಡ ಅಧಿಕಾರಿ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದರು. “ಒಂದಡಿಗಿಂತ ಕಡಿಮೆ ಇದ್ರೆ ಕ್ರಮದ ಅಗತ್ಯವಿರುವುದಿಲ್ಲ.” ಮುಚ್ಚಳ ಹಾಕಿ ಪೆನ್ನು ಜೇಬಿಗೆ ಸಿಕ್ಕಿಸಿ, ಲಾರಿಯವರಿಗೆ ಹೊರಡಲು ಕೈ ಮಾಡಿದರು. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿ, “ಚೆನ್ನಾಗಿದೆ ಕಣ್ರೀ,” ಎಂದರು.

ಮೀಟರಣ್ಣ ಹಾವನ್ನು ಎಲೆಯ ಮೇಲೆ ಇಳಿಸಿ, ದಿಮ್ಮಿಯನ್ನು ಹೇಗಿತ್ತೋ ಹಾಗೇ ಇಟ್ಟ. ಆಮೇಲೆ ಅದೇ ದಿಮ್ಮಿಯ ಪಕ್ಕ ಕುಸಿದು ಕೂತ. ಮೇಡಂ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಕಾರ್ಡಿನ ಕಟ್ಟಿನಿಂದ ಒಂದು ಕಾರ್ಡು ತೆಗೆದು ಅವನ ಕೈಗಿಟ್ಟು, ಅವನು ಬರೆಯುವವರೆಗೂ ಕಾದರು.

ಮನೆಗೆ ಬಂದ ಮೇಲೆ ಮೀಟರಣ್ಣ ಗೋಡೆಯ ನಕ್ಷೆಯ ಮುಂದೆ ನಿಂತು, ಮೇಡಂ ಹೇಳಿದ್ದ ಚುಕ್ಕೆ ಇಡಲು ಕೆಂಪು ಪೆನ್ನು ತೆರೆದ. ಎರಡು ವರ್ಷದ ಅಭ್ಯಾಸ. ಕೈ ತಾನಾಗಿ ತಿರುಗಿತು, ಗುಂಡಗೆ ಒಂದು ಸೊನ್ನೆ ಬಿತ್ತು.

“ಹಾಳಾಯ್ತು ಕಣೇ! ಸೊನ್ನೆ ಹಾಕ್ಬಿಟ್ಟೆ!” ಎಂದು ತಲೆ ಚಚ್ಚಿಕೊಂಡ. “ತಿದ್ದೋ ಹಾಗೂ ಇಲ್ಲ. ತಿದ್ದಿದ್ರೆ ಪಕ್ಕದಲ್ಲಿ ಮೇಲಧಿಕಾರಿ ಸಹಿ ಬೇಕು, ಇಲ್ದಿದ್ರೆ ಚಲಾವಣೆ ಇಲ್ಲ.”

ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಪೆನ್ನು ಕಸಿದುಕೊಂಡು, ಆ ಸೊನ್ನೆಯ ಒಳಗನ್ನು ನಿಧಾನವಾಗಿ, ಎಲ್ಲೂ ಬಿಳಿ ಉಳಿಯದಂತೆ ತುಂಬಿದಳು. ಅದರ ಪಕ್ಕದಲ್ಲೇ ತನ್ನ ಸಹಿ ಹಾಕಿದಳು.